ನನ್ನ ಹೆಂಡತಿ ನನ್ನ ಮನೆಯಲ್ಲೇ ಇದ್ದಾಳೆ ಎಂಬುದಕ್ಕೆ ಪುರಾವೆ

ಫಾರಂ ತುಂಬುವುದೆಂದರೆ ನನಗೆ ಒಂದು ಬಗೆಯ ಭಕ್ತಿ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಭದ್ರಾವತಿಯ ಒಂದು ಲೇತ್ ವರ್ಕ್‌ಶಾಪ್ ಸೇರಿದ ನಾನು, ಮೂವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದು, ನನಗಿಂತ ಚಿಕ್ಕ ವಯಸ್ಸಿನ ಮೇಷ್ಟರ ಕೈಯಲ್ಲಿ ಬೈಸಿಕೊಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಓದು ತಡವಾಗಿ ಬಂದವರಿಗೆ ಅಕ್ಷರದ ಮೇಲೆ, ಮನೆಗೆ ಬಂದ ಹೊಸ ಅಳಿಯನ ಮೇಲಿರುವಂಥ ಮರ್ಯಾದೆ ಇರುತ್ತದೆ. ಬ್ಯಾಂಕಿನಲ್ಲಿ ಬೇರೆಯವರು ಚಲನ್ನನ್ನು ಗೋಡೆಗೆ ಒತ್ತಿಯೋ ತೊಡೆಯ ಮೇಲಿಟ್ಟೋ ಗೀಚಿ ಬಿಸಾಕುತ್ತಾರೆ. ನಾನು ಮೇಜು ಖಾಲಿಯಾಗುವವರೆಗೆ ಕಾಯುತ್ತೇನೆ. ‘ದಪ್ಪ ಅಕ್ಷರಗಳಲ್ಲಿ ಬರೆಯಿರಿ’ ಎಂದಿದ್ದರೆ ದಪ್ಪ ಅಕ್ಷರಗಳಲ್ಲೇ ಬರೆಯುತ್ತೇನೆ. ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂಬ ಜಾಗ ಕಂಡರೆ, ಅದು ದೇವರ ಮನೆಯ ಹೊಸ್ತಿಲೇನೋ ಎಂಬಂತೆ, ಪೆನ್ನಿನ ನೆರಳೂ ಬೀಳದ ಹಾಗೆ ದಾಟಿಕೊಳ್ಳುತ್ತೇನೆ. ಇಂಥ ನನಗೆ, ನನ್ನ ಹೆಂಡತಿ ನನ್ನ ಮನೆಯಲ್ಲೇ ವಾಸವಾಗಿದ್ದಾಳೆ ಎಂಬ ಒಂದೇ ಒಂದು ಸಾಲನ್ನು ಸರ್ಕಾರಕ್ಕೆ ನಂಬಿಸಲು ಮೂರು ತಿಂಗಳು ಹಿಡಿಯಿತು.

ನಾವು ಮೊದಲು ಇದ್ದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಮಗಳ ನರ್ಸಿಂಗ್ ಓದಿಗಾಗಿ ನಾಲ್ಕು ವರ್ಷದ ಕೆಳಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ಮಗಳು ಓದು ಮುಗಿಸಿ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದಳು. ನಾವು ಅಲ್ಲೇ ಉಳಿದೆವು. ನಾನು ಒಂದೂವರೆ ವರ್ಷ ದಿನಾ ಬಸ್ಸಿನಲ್ಲಿ ಭದ್ರಾವತಿಯ ವರ್ಕ್‌ಶಾಪಿಗೆ ಹೋಗಿ ಬಂದು, ಸೊಂಟ ಹಿಡಿದುಕೊಂಡ ಮೇಲೆ ಆಲ್ಕೊಳದ ಹತ್ತಿರ ಒಂದು ಗೋಡೌನಿನ ಗೇಟಿನಲ್ಲಿ ಲಾರಿ ನಂಬರು ಬರೆಯುವ ಕೆಲಸಕ್ಕೆ ಸೇರಿಕೊಂಡೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ವಾಪಸ್ಸು ಸಂಜೆ ಏಳಕ್ಕೆ. ಇಷ್ಟೆಲ್ಲ ಆದರೂ ವೋಟು ಮಾತ್ರ ಜನ್ನಾಪುರದಲ್ಲೇ ಇತ್ತು. ಬದಲಾಯಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ ಎಂದರೆ ಸುಳ್ಳು. ಅನ್ನಿಸಿತ್ತು. ಆದರೆ ನನ್ನ ಹೆಂಡತಿ ಗಿರಿಜಾಗೆ ವೋಟಿನ ದಿನವೆಂದರೆ ತವರಿಗೆ ಹೋಗುವ ದಿನದ ಹಾಗೆ. ಹೊಸ ಸೀರೆ ಉಟ್ಟು, ಅಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಸೆಲ್ವಿಗೆಂದು ಡಬ್ಬಿ ತುಂಬ ಚಕ್ಕುಲಿ ಹಿಡಿದು ಬಸ್ಸು ಹತ್ತುತ್ತಿದ್ದಳು.

ಕಳೆದ ಸಲದ ಚುನಾವಣೆಗೂ ಹಾಗೆಯೇ ಹೋದೆವು. ಗಂಡಸರ ಸಾಲು ಚಿಕ್ಕದಿತ್ತು. ನಾನು ಬೇಗ ಒಳಗೆ ಹೋಗಿ ಎಡಗೈ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಿಂತಿದ್ದಾಗ ಗಿರಿಜಾಳ ಸರದಿ ಬಂತು. ಪಟ್ಟಿ ಹಿಡಿದಿದ್ದ ಅಧಿಕಾರಿ ಬೆರಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಿ ತಲೆ ಅಲ್ಲಾಡಿಸಿದರು.

“ನಿಮ್ಮ ಹೆಸರಿಲ್ಲಮ್ಮ.”

“ಸರಿಯಾಗಿ ನೋಡಿ ಸಾರ್. ಇವ್ರ ಕೆಳಗೇ ಇರುತ್ತೆ. ಯಾವಾಗ್ಲೂ ಇವ್ರ ಕೆಳಗೇ ಇರೋದು.”

“ಇವ್ರ ಕೆಳಗೆ ಈಗ ಬೇರೆ ಮನೆ ಬಂದಿದೆ. ನಿಮ್ದು ತೆಗೆದಿದಾರೆ. ಜಾಗ ಬಿಟ್ಟು ಹೋಗಿದಾರೆ ಅಂತ ಇದೆ.”

“ಕಾರ್ಡ್ ಇದೆಯಲ್ಲ ಸಾರ್! ಫೋಟೋ ನೋಡಿ, ನಾನೇ ಅಲ್ವಾ?”

“ನೀವೇ. ಯಾರು ಇಲ್ಲ ಅಂದ್ರು? ಆದ್ರೆ ಕಾರ್ಡ್ ಇದ್ರೆ ಸಾಲದಮ್ಮ, ಪಟ್ಟೀಲಿ ಹೆಸರು ಇರ್ಬೇಕು.”

ನನಗೆ ಅಂದೇ ತಿಳಿದ ವಿಷಯ ಇದು: ಕಾರ್ಡು ಬೇರೆ, ಪಟ್ಟಿ ಬೇರೆ. ಕಾರ್ಡು ಪೆಟ್ಟಿಗೆಯಲ್ಲಿದೆ ಎಂದು ನಿಶ್ಚಿಂತೆಯಿಂದ ಇರುವವರು ಚುನಾವಣೆಗೆ ಮೊದಲೇ ಒಮ್ಮೆ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿ ಪಾಸಾದ ನಾನು ಇದನ್ನು ತಿಳಿದಿರಬೇಕಿತ್ತು. ಗಿರಿಜಾ ಬೂತಿನಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಳು. ಅವಳಿಗೆ ಗೊತ್ತಿದ್ದ ಇಡೀ ಬೀದಿ ಸಾಲಿನಲ್ಲಿತ್ತು. ಒಬ್ಬೊಬ್ಬರೂ “ಹಾಕಾಯ್ತಾ ಗಿರಿಜಕ್ಕ?” ಎಂದು ಕೇಳುತ್ತಾ ಒಳಗೆ ಹೋದರು. ನಾನು ನನ್ನ ಎಡಗೈಯನ್ನು ಜೇಬಿಗೆ ಸೇರಿಸಿದೆ.

ತಪ್ಪು ಎಲ್ಲಿ ಆಯಿತೆಂಬುದು ಸೆಲ್ವಿಯ ಮನೆಯಲ್ಲಿ ಗೊತ್ತಾಯಿತು. ಸೆಲ್ವಿಯ ಮನೆಯವರು ಅವರ ಅಜ್ಜನ ಕಾಲಕ್ಕೆ ಫ್ಯಾಕ್ಟರಿ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಗಿರಿಜಾಗೂ ಅವಳಿಗೂ ಇಪ್ಪತ್ತು ವರ್ಷದ ಸ್ನೇಹ. ವಿಷಯ ಕೇಳಿದ ಕೂಡಲೇ ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು.

“ಐಯ್ಯೋ, ನಾನೇ ಹೇಳಿದ್ದು ಅಕ್ಕಾ! ಪಟ್ಟಿ ಹಿಡ್ಕೊಂಡು ಒಬ್ರು ಮೇಡಂ ಬಂದಿದ್ರು. ಈ ಮನೇಲಿ ಯಾರಿದಾರೆ ಅಂದ್ರು. ಅಕ್ಕ ಶಿವಮೊಗ್ಗಕ್ಕೆ ಹೊರಟೋದ್ರು, ಅವ್ರು ಹೋದ್ಮೇಲೆ ಬೀದೀನೇ ಸಪ್ಪೆ ಆಗೋಯ್ತು ಅಂತ ಅತ್ಕೊಂಡು ಹೇಳ್ದೆ.”

“ಮತ್ತೆ ಇವ್ರದ್ದು ಹೆಂಗೆ ಉಳೀತು?” ಎಂದಳು ಗಿರಿಜಾ.

“ಅಣ್ಣನ್ನೂ ಕೇಳಿದ್ರು. ದಿನಾ ಕಾಣಿಸ್ತಾರೆ, ಇರ್ಬೇಕು ಅಂದೆ. ಅಣ್ಣ ಇದ್ರೂ ಹೋದ್ರೂ ನಂಗೇನ್ ಅಕ್ಕಾ ಗೊತ್ತಾಗುತ್ತೆ?”

ಆ ಕಾಲಕ್ಕೆ ನಾನು ದಿನಾ ವರ್ಕ್‌ಶಾಪಿಗೆ ಬಂದು ಹೋಗುತ್ತಿದ್ದೆನಲ್ಲ, ಅದನ್ನು ಅವಳು ಹೇಳಿದ್ದು. ನ್ಯಾಯವಾಗಿ ನೋಡಿದರೆ ನನ್ನ ಹೆಸರೂ ಹೋಗಬೇಕಿತ್ತು. ಉಳಿದದ್ದು ನನ್ನ ಪುಣ್ಯದಿಂದಲ್ಲ, ನಾನು ಊರು ಬಿಟ್ಟದ್ದು ಯಾರ ಗಮನಕ್ಕೂ ಬಾರದ್ದರಿಂದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಒಂದು ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ ನಾನು ರಸ್ತೆಯ ಪ್ರತಿ ಉಬ್ಬಿಗೂ ಕಂಡಕ್ಟರ್ ಮೇಲೆ ಬೀಳುತ್ತಿದ್ದೆ. “ಎರಡು ಕೈಲೂ ಹಿಡ್ಕಳಿ ಯಜಮಾನ್ರೇ, ದೇವ್ರು ಕೊಟ್ಟಿರೋದು ಯಾಕೆ?” ಎಂದು ಅವನು ಬೈದ. ಗಿರಿಜಾ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು: “ಕೈ ತೆಗೀರಿ. ಬೀಳ್ತೀರ. ನಿಮ್ಮ ಬೆರಳು ನೋಡಿದ್ರೆ ನಂಗೇನೂ ಆಗಲ್ಲ.” ಸ್ವಲ್ಪ ಹೊತ್ತಿನ ಮೇಲೆ, “ಮುಂದಿನ ಸಲ ನಂಗೆ ವೋಟು ಇರ್ಬೇಕು. ಎಲ್ಲಾದ್ರೂ ಸರಿ. ಇಷ್ಟು ದೊಡ್ಡ ಭೂಮಿ ಮೇಲೆ ನಂಗೊಂದು ಬೂತಿಲ್ವಾ?” ಎಂದಳು. ಅವಳು ನನ್ನಿಂದ ಸೀರೆ, ಒಡವೆ ಎಂದು ಏನನ್ನೂ ಗಟ್ಟಿಯಾಗಿ ಕೇಳಿದವಳಲ್ಲ. ಇದೊಂದನ್ನು ಕೇಳಿದಳು. ಮಾಡಿಸಿಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ. ಮಾತು ಕೊಟ್ಟದ್ದೇನೋ ಸರಿ, ಕೆಲಸ ಹಿಡಿಯುವ ಹೊತ್ತಿಗೆ ಬಹಳ ತಿಂಗಳು ಕಳೆದವು. ಕಾರ್ಪೊರೇಷನ್ ಚುನಾವಣೆ ಬರಬಹುದೆಂಬ ಮಾತು ಗೇಟಿನಲ್ಲಿ ಕಿವಿಗೆ ಬಿದ್ದ ಮೇಲೆ ಗಾಬರಿಯಿಂದ ಹೊರಟೆ.

ವಿದ್ಯಾನಗರದ ನಮ್ಮ ಭಾಗದ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವರು ಹತ್ತಿರದ ಸರ್ಕಾರಿ ಶಾಲೆಯ ಶಕುಂತಲಾ ಟೀಚರ್ ಎಂದು ಗೊತ್ತಾಯಿತು. ನಾನು ಹೋದಾಗ ಅವರು ಒಂದು ಕೈಯಲ್ಲಿ ಮಕ್ಕಳ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಮತದಾರರ ಪಟ್ಟಿ ಹಿಡಿದಿದ್ದರು. ಎರಡರಲ್ಲೂ ಗೈರುಹಾಜರಾದವರ ಮೇಲೆ ಒಂದೇ ಸಿಟ್ಟು.

“ಫಾರಂ ಆರು ಹೊಸದಾಗಿ ಸೇರೋರಿಗೆ, ಏಳು ಹೆಸರು ತೆಗೆಸೋಕೆ, ಎಂಟು ಜಾಗ ಬದಲಾದೋರಿಗೆ,” ಎಂದು ಮಗ್ಗಿಯ ಹಾಗೆ ಹೇಳಿದರು. “ನಿಮ್ಮನೆಯವ್ರ ಹೆಸರು ಈಗ ಎಲ್ಲೂ ಇಲ್ಲ, ಅವ್ರಿಗೆ ಆರು. ನಿಮ್ದು ಜನ್ನಾಪುರದಲ್ಲಿ ಇದೆ, ನಿಮಗೆ ಎಂಟು. ಮೊಬೈಲಲ್ಲೂ ಹಾಕ್ಬೋದು.”

“ಕೈಯಲ್ಲೇ ಬರೀತೀನಿ ಮೇಡಂ,” ಎಂದೆ. ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಸಂಸಾರ ಮಾಡಿದ ನಾವಿಬ್ಬರು ಎರಡು ಬೇರೆ ನಂಬರಿನವರು ಎಂದು ಆಗ ಗೊತ್ತಾಯಿತು.

“ವಯಸ್ಸಿಗೆ ಆಧಾರ್ ಸಾಕು. ಹದಿನೆಂಟು ತುಂಬಿದೆ ಅನ್ನೋದಕ್ಕೆ ನಿಮ್ಮಿಬ್ರಿಗೂ ಬೇರೆ ಸಾಕ್ಷಿ ಏನೂ ಬೇಡ ಬಿಡಿ, ಮುಖ ನೋಡಿದ್ರೆ ಗೊತ್ತಾಗುತ್ತೆ,” ಎಂದು ಟೀಚರ್ ನಕ್ಕರು. ಈ ಮಾತನ್ನು ನಾನು ಮನೆಗೆ ಬಂದು ಗಿರಿಜಾಗೆ ಹೇಳಬಾರದಿತ್ತು. “ಅವ್ರು ನನ್ನ ಮುಖ ನೋಡೇ ಇಲ್ವಲ್ಲ, ನಿಮ್ಮ ಮುಖ ನೋಡಿ ಲೆಕ್ಕ ಹಾಕಿರ್ಬೇಕು,” ಎಂದಳು.

ವಯಸ್ಸು ಸುಲಭ. ಭಾರತದ ಪ್ರಜೆ ಎಂಬುದಕ್ಕೆ ಕೆಳಗೆ ಒಂದು ಘೋಷಣೆ, ಅದಕ್ಕೊಂದು ಸಹಿ, ಅದೂ ಸುಲಭ. ತೊಡಕು ಇದ್ದದ್ದು ವಿಳಾಸದಲ್ಲಿ. ಆಧಾರ್ ಇಬ್ಬರದ್ದೂ ಜನ್ನಾಪುರದ್ದು. ಬ್ಯಾಂಕ್ ಪಾಸ್‌ಬುಕ್ಕೂ ಜನ್ನಾಪುರದ್ದು. ಆಧಾರ್‌ನಲ್ಲಿ ವಿಳಾಸ ಬದಲಾಯಿಸೋಣವೆಂದು ಸೈಬರ್ ಸೆಂಟರಿಗೆ ಹೋದರೆ, “ಹೊಸ ವಿಳಾಸಕ್ಕೆ ಪ್ರೂಫ್ ಕೊಡಿ ಅಂಕಲ್, ವೋಟರ್ ಐಡಿ ಇದ್ರೂ ಆಗುತ್ತೆ,” ಎಂದರು. ಅದಕ್ಕಾಗಿಯೇ ತಾನೆ ನಾನು ಹೊರಟದ್ದು! ಕರೆಂಟ್ ಬಿಲ್ಲು ಮನೆಯ ಓನರ್ ವಿರೂಪಾಕ್ಷಪ್ಪನವರ ತೀರಿಹೋದ ತಂದೆಯ ಹೆಸರಿನಲ್ಲಿ ಇನ್ನೂ ಬರುತ್ತಿದೆ. ಸಿಲಿಂಡರು ಓನರ್ ಹೆಸರಿನದು. ಬಾಡಿಗೆ ಕರಾರು ಹನ್ನೊಂದು ತಿಂಗಳಿನದು. ಅದು ಮುಗಿದು ಮೂರು ವರ್ಷವಾಗಿದೆ, ಅಲ್ಲಿಂದ ಈಚೆಗೆ ಬರೀ ನಂಬಿಕೆಯ ಮೇಲೆ ಇದ್ದೇವೆ. ಆ ನಂಬಿಕೆಯನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ವಿರೂಪಾಕ್ಷಪ್ಪನವರಿಗೆ ಫೋನು ಮಾಡಿದೆ.

“ವೋಟಾ? ಯಾಕ್ರೀ ವೋಟು?” ಎಂದರು.

“ಹಾಕೋಕೆ ಸಾರ್.”

“ನೋಡಿ ಪರಮೇಶಣ್ಣ, ನೀವು ಒಳ್ಳೆಯವ್ರು. ನಿಮ್ಮ ಬಗ್ಗೆ ಒಂದು ಮಾತಿಲ್ಲ. ಆದ್ರೆ ನನ್ನ ಷಡ್ಕನ ಮನೇಲಿ ಬಾಡಿಗೆಗಿದ್ದೋನೂ ಒಳ್ಳೆಯವ್ನೇ ಆಗಿದ್ದ. ಹಿಂಗೇ ವೋಟು ಮಾಡಿಸ್ಕೊಂಡ. ಆಮೇಲೆ ಮನೆ ಖಾಲಿ ಮಾಡಪ್ಪ ಅಂದ್ರೆ, ನಾನು ಈ ಮನೆ ಮತದಾರ ಅಂದ ಮಾರಾಯ್ರೇ!”

ಮತದಾರನಾದವನು ಮನೆಯ ಮಾಲೀಕನಾಗುವುದಿಲ್ಲ ಎಂದು ನಾನು ಹತ್ತು ನಿಮಿಷ ವಿವರಿಸಿದೆ. ವಿವರಿಸಿದಷ್ಟೂ ಅವರ ಅನುಮಾನ ಹೆಚ್ಚಾಯಿತು. “ಇಷ್ಟೆಲ್ಲ ಕಾನೂನು ಓದ್ಕೊಂಡಿದೀರಾ ಅಂದ್ರೆ…” ಎಂದು ನಿಲ್ಲಿಸಿ ಫೋನಿಟ್ಟರು.

ಸೋತ ಮುಖ ಹೊತ್ತು ಮತ್ತೆ ಟೀಚರ್ ಹತ್ತಿರ ಹೋದೆ. ಅವರು ಧೈರ್ಯ ಹೇಳಿದರು. “ಕಾಗದ ಇಲ್ದಿದ್ರೆ ನಾನೇ ಮನೆಗೆ ಬಂದು ನೋಡ್ತೀನಿ. ಅಕ್ಕಪಕ್ಕ ವಿಚಾರಿಸಿ ರಿಪೋರ್ಟ್ ಬರೀತೀನಿ. ಎಲ್ಲಿ ಮಲಗಿ ಎಲ್ಲಿ ಏಳ್ತಾರೋ ಅಲ್ಲಿ ವೋಟು, ಅಷ್ಟೇ. ನಿಮ್ಮ ಮುಖ ನಾನು ನೋಡಿದೀನಿ. ಅವ್ರು ಮನೇಲಿದ್ರೆ ಸಾಕು.”

ಮನೆಯಲ್ಲಿದ್ದರೆ ಸಾಕು! ಇದಕ್ಕಿಂತ ಸುಲಭ ಏನಿದೆ? ನಾನು ಮೇಜಿನ ಮುಂದೆ ಕೂತು ಗಿರಿಜಾಳ ಫಾರಂ ಆರು, ನನ್ನ ಫಾರಂ ಎಂಟು ತುಂಬಿದೆ. ಮೊದಲನೆಯದರಲ್ಲಿ ಒಂದು ಕೊಂಬು ಚೌಕದ ಗೆರೆ ದಾಟಿತೆಂದು ಅದನ್ನು ಹರಿದು ಬೇರೆ ತುಂಬಿದೆ. ಹೊಸ ಫೋಟೋ ಅಂಟಿಸಿ ಇಬ್ಬರದ್ದನ್ನೂ ಕೊಟ್ಟು ಬಂದು, ಗೇಟಿನಲ್ಲಿ ಲಾರಿ ನಂಬರು ಬರೆಯುತ್ತಾ ಹಗುರವಾಗಿದ್ದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಸರ್ಕಾರಿ ಬಸ್ಸನ್ನು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಗಿರಿಜಾ ವಾರಕ್ಕೆ ಮೂರು ದಿನ ಜನ್ನಾಪುರಕ್ಕೆ ಹೋಗುತ್ತಿದ್ದಳು. ವಿದ್ಯಾನಗರದಲ್ಲಿ ಹಿಟ್ಟಿನ ಗಿರಣಿ ಇಲ್ಲವೆಂದಲ್ಲ. ರಾಗಿಯನ್ನು ಅವಳಿಗೆ ಬೇಕಾದ ಹದಕ್ಕೆ ಬೀಸುವವನು ಜನ್ನಾಪುರದಲ್ಲೇ ಇರುವುದು. ಟೇಪು ಹಿಡಿಯದೆ ಅವಳ ರವಿಕೆ ಹೊಲಿಯುವ ಟೈಲರು ಅಲ್ಲೇ ಇರುವುದು. ಸೆಲ್ವಿ ಅಂತೂ ಅಲ್ಲೇ. ಬೆಳಿಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ ಹೊರಟು, ನಾನು ಬರುವಷ್ಟರಲ್ಲಿ ವಾಪಸ್ಸಾಗಿ ಸಾರು ಕುದಿಸುತ್ತಿದ್ದಳು. ಕಂಡಕ್ಟರ್‌ಗೆ ತೋರಿಸುವ ಆಧಾರ್‌ನಲ್ಲಿ ಜನ್ನಾಪುರ ಎಂದಿದ್ದುದರಿಂದ ಒಬ್ಬ ಕಂಡಕ್ಟರ್ “ಊರಿಗೆ ಹೊರಟ್ರಾ ಅಮ್ಮ?” ಎಂದು ಕೇಳುತ್ತಿದ್ದನಂತೆ. ಇವಳು “ಹೂಂನಪ್ಪ” ಎನ್ನುತ್ತಿದ್ದಳಂತೆ.

ಒಂದು ಮಂಗಳವಾರ ಟೀಚರ್ ಫೋನು ಮಾಡಿದರು. “ಸಾರ್, ಮನೆ ಬೀಗ.” ಮುಂದಿನ ಗುರುವಾರ ಮತ್ತೆ, “ಸಾರ್, ಬೀಗ.” ಅದರ ಮುಂದಿನ ಸೋಮವಾರ ಅವರ ದನಿಯಲ್ಲಿ ಶಾಲೆಯ ಬೆತ್ತ ಕೇಳಿಸಿತು.

“ಸಾರ್, ನಾನು ಮಕ್ಕಳಿಗೆ ಪಾಠ ಮಾಡ್ಲೋ ನಿಮ್ಮನೆ ಬೀಗ ಎಣಿಸ್ಲೋ? ಇವತ್ತು ಕೆಳಗಿನ ಮನೆಯವ್ರನ್ನ ಕೇಳ್ದೆ, ಪದ್ಮಾ ಅಂತ ಅವ್ರ ಹೆಸರು. ಗಿರಿಜಾ ಅನ್ನೋರು ಇಲ್ಲಿ ಯಾರೂ ಇಲ್ಲ ಅಂದ್ರು!”

“ಮೇಲಿನ ಮನೆಯವ್ರು ಅಂತ ಕೇಳ್ಬೇಕಿತ್ತು ಮೇಡಂ.”

“ಹಂಗೂ ಕೇಳ್ದೆ. ಮೇಲ್ಗಡೆ ಬಟ್ಟೆ ಒಣಗ್ತಿರುತ್ತೆ, ಒಬ್ರು ಹೆಂಗಸು ಬ್ಯಾಗ್ ಹಿಡ್ಕೊಂಡು ಬಸ್‌ಸ್ಟಾಪ್ ಕಡೆ ಹೋಗ್ತಿರ್ತಾರೆ, ಯಾರೋ ನೆಂಟ್ರು ಬಂದು ಹೋಗ್ತಾರೆ ಅನ್ಕೊಂಡಿದ್ದೆ ಅಂದ್ರು. ಈ ಶನಿವಾರ ನಾನು ರಿಪೋರ್ಟ್ ಕಳಿಸ್ಬೇಕು ಸಾರ್. ಏನಂತ ಬರೀಲಿ? ಸದರಿ ವಿಳಾಸದಲ್ಲಿ ಬಟ್ಟೆಗಳು ವಾಸವಾಗಿವೆ ಅಂತ ಬರೀಲಾ?”

ಸಂಜೆ ಮನೆಗೆ ಬಂದು ಇದನ್ನು ಹೇಳಿದೆ. ಶನಿವಾರದೊಳಗೆ ಆಗದಿದ್ದರೆ ಅರ್ಜಿ ವಜಾ, ಈ ಸಲದ ಪಟ್ಟಿಯಲ್ಲೂ ಹೆಸರಿಲ್ಲ ಎಂದೂ ಹೇಳಿದೆ. ಗಿರಿಜಾ ಜನ್ನಾಪುರದಿಂದ ತಂದ ರಾಗಿ ಹಿಟ್ಟನ್ನು ಡಬ್ಬಿಗೆ ಸುರಿಯುತ್ತಿದ್ದಳು. ಕೈ ಅಲ್ಲೇ ನಿಂತಿತು.

“ನಾಲ್ಕು ವರ್ಷದಿಂದ ಇದೀನಿ. ಕೆಳಗಿನ ಮನೆಯವ್ರಿಗೆ ನನ್ನ ಹೆಸರು ಗೊತ್ತಿಲ್ವಂತಾ?”

“ನಿಂಗೆ ಅವ್ರ ಹೆಸರು ಗೊತ್ತಿತ್ತಾ?”

ಅವಳು ಯೋಚಿಸಿದಳು. “ಕುಕ್ಕರ್ ಆರು ಸಲ ಕೂಗಿಸೋರು,” ಎಂದಳು. “ಪಕ್ಕದ ಮನೆಯೋರು ಸಂಡಿಗೆ ಬಿಸಿಲಿಗಿಟ್ಟು ಕಾಗೆ ಓಡ್ಸೋರು. ಆ ಮೂಲೆಯೋರು…” ಜನ್ನಾಪುರದಲ್ಲಿ ಎಲ್ಲರಿಗೂ ಇವಳು ಗೊತ್ತು, ಅಲ್ಲಿ ಇವಳು ವಾಸವಿಲ್ಲ. ಇಲ್ಲಿ ವಾಸವಿದ್ದಾಳೆ, ಯಾರಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಹೇಳಿದಳು: “ಶುಕ್ರವಾರ ಸಂಜೆ ಅರಿಶಿನ ಕುಂಕುಮ ಇಟ್ಕೊಂಡಿದೀನಿ. ಬೀದಿ ಪೂರ್ತಿ ಕರೀತೀನಿ.”

“ಶುಕ್ರವಾರ ಯಾವ ಹಬ್ಬ?”

“ಫಾರಂ ಆರು,” ಎಂದಳು.

ಗಂಡಸರಾದ ನಮಗೆ ಈ ಅರಿಶಿನ ಕುಂಕುಮದ ಶಕ್ತಿ ಸರಿಯಾಗಿ ತಿಳಿಯದು. ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ‘ನೀವು ಯಾರು, ಪ್ರೂಫ್ ಏನು’ ಎಂದು ಯಾರೂ ಕೇಳುವುದಿಲ್ಲ. ಗಿರಿಜಾ ಎರಡು ದಿನ ಬಸ್ಸು ಹತ್ತದೆ, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮನೆ ಮನೆಗೆ ಹೋಗಿ “ನಾನು ಗಿರಿಜಾ, ಆ ಮಹಡಿ ಮನೆ, ಶುಕ್ರವಾರ ಖಂಡಿತ ಬರ್ಬೇಕು” ಎಂದು ಕುಂಕುಮ ಕೊಟ್ಟು ಕರೆದು ಬಂದಳು. ಶಾಲೆಗೂ ಹೋಗಿ ಟೀಚರನ್ನು ಕರೆದಳು. ಸೆಲ್ವಿಯನ್ನೂ ಫೋನಿನಲ್ಲಿ ಕರೆದಳು. ಅದು ಬೇಡವಿತ್ತೆಂದು ನನಗೆ ಆಮೇಲೆ ಅನ್ನಿಸಿತು.

ಶುಕ್ರವಾರ ನಾನು ಅರ್ಧ ದಿನ ರಜ ಹಾಕಿ ಗೋಡೌನಿನ ಖಾಕಿ ಅಂಗಿಯಲ್ಲೇ ಮನೆಗೆ ಬಂದೆ. ಒಳಗೆ ಗಂಡಸರಿಗೆ ಕೆಲಸವಿಲ್ಲ. ನಮ್ಮ ಬೀದಿಯ ಒಂದು ನಾಯಿಗೆ ಚಪ್ಪಲಿ ಕಚ್ಚಿಕೊಂಡು ಹೋಗುವ ಚಟ ಇರುವುದರಿಂದ ನನ್ನನ್ನು ಮೆಟ್ಟಿಲ ಮೇಲೆ ಚಪ್ಪಲಿಗಳ ಹತ್ತಿರ ಕೂರಿಸಿದರು. ಹೆಂಗಸರು ಬರುತ್ತಾ ಹೋದರು. ಒಬ್ಬರು ನನ್ನ ಕೈಗೆ ಛತ್ರಿಯನ್ನೂ ಕೊಟ್ಟು ಹೋದರು. ಒಳಗಿನದೆಲ್ಲ ಕಿಟಕಿಯಿಂದ ಕೇಳಿಸುತ್ತಿತ್ತು. ಕೋಸಂಬರಿಯ ಬಟ್ಟಲು, ಬಳೆ, ನಗು. ಅರ್ಧ ಗಂಟೆಯಲ್ಲಿ ಪದ್ಮಾ ತಮ್ಮ ಕುಕ್ಕರಿನ ಕಷ್ಟವನ್ನೂ, ಪಕ್ಕದ ಮನೆಯವರು ಕಾಗೆಯ ಕಾಟವನ್ನೂ ಗಿರಿಜಾ ಮುಂದೆ ಹೇಳಿಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ಟೀಚರ್ ಬಂದರು. ಕುಂಕುಮ ಇಟ್ಟುಕೊಂಡು, ಹೂ ಮುಡಿದು, ಎಲೆ ಅಡಿಕೆಯನ್ನು ಪಕ್ಕಕ್ಕಿಟ್ಟು, ಚೀಲದಿಂದ ಫಾರಂ ತೆಗೆದರು.

“ಎಲ್ಲಾರೂ ಇದೀರಲ್ಲ, ಒಂದು ಮಾತು. ಗಿರಿಜಾ ಅನ್ನೋರು ಈ ಮನೇಲಿ ವಾಸ ಇದಾರಾ?”

“ಇದಾರೆ!” ಎಂದು ಇಡೀ ಕೋಣೆ ಕೂಗಿತು. ಎಲ್ಲರಿಗಿಂತ ಪದ್ಮಾರ ದನಿ ದೊಡ್ಡದು: “ನಾಲ್ಕು ವರ್ಷದಿಂದ ಇದಾರೆ ಟೀಚರ್, ನಮ್ಮ ತಲೆ ಮೇಲೇ!”

ನಾನು ಮೆಟ್ಟಿಲ ಮೇಲೆ ಉಸಿರು ಬಿಟ್ಟೆ. ಆಗ ಸೆಲ್ವಿಯ ದನಿ ಕೇಳಿಸಿತು. “ಏನ್ ಟೀಚರ್ ಕೇಳ್ತಿದೀರಾ? ಅಕ್ಕ ನಮ್ಮ ಜನ್ನಾಪುರದವ್ರು! ವಾರಕ್ಕೆ ಮೂರು ದಿನ ಅಲ್ಲೇ ಇರ್ತಾರೆ. ಬೇಕಾದ್ರೆ ನಮ್ಮ ಬೀದೀಲಿ ಬಂದು ಕೇಳಿ.”

ಪೆನ್ನಿನ ಮುಚ್ಚಳ ಹಾಕಿದ ಸದ್ದು ನನಗೆ ಕೇಳಿಸಿದಂತಾಯಿತು. ಒಂದು ಸಲ ಅಳುತ್ತಾ ಹೆಸರು ತೆಗೆಸಿದವಳು, ಈ ಸಲ ನಗುತ್ತಾ ತೆಗೆಸಲು ಕೂತಿದ್ದಾಳೆ ಎಂದುಕೊಂಡು ನಾನು ಎದ್ದು ನಿಂತೆ. ಒಳಗೆ ಹೋಗಿ ಮಾತಾಡುವುದೋ ಬೇಡವೋ ಎಂದು ನೋಡುತ್ತಿರುವಾಗ ನಾಯಿ ಬಂತು. ಮತ್ತೆ ಕೂತೆ.

“ಹೌದೇನ್ರೀ ಗಿರಿಜಾ?” ಎಂದರು ಟೀಚರ್. “ನೀವು ಅಲ್ಲಿಯವ್ರೋ ಇಲ್ಲಿಯವ್ರೋ?”

ಸೆಲ್ವಿಯ ಎದುರಿಗೆ ಆ ಮಾತು ಹೇಳಲು ಗಿರಿಜಾಗೆ ಕಷ್ಟವಾಗಿರಬೇಕು. ಆದರೂ ಹೇಳಿದಳು: “ಜನ್ನಾಪುರಕ್ಕೆ ಹೋಗ್ತೀನಿ ಟೀಚರ್, ಸುಳ್ಳು ಹೇಳಲ್ಲ. ಮುಂದೂ ಹೋಗ್ತೀನಿ. ಆದ್ರೆ ಹೋಗೋದು ಇಲ್ಲಿಂದ ಅಲ್ವಾ? ಕತ್ತಲಾಗೋದ್ರೊಳಗೆ ಬರೋದೂ ಇಲ್ಲಿಗೇ ಅಲ್ವಾ? ಸೆಲ್ವಿ, ನೀನೇ ಹೇಳೇ ಮಾರಾಯ್ತಿ. ನಿಮ್ಮನೇಲಿ ಒಂದಿನ ಮಲಗು ಅಂತ ನಾಲ್ಕು ವರ್ಷದಿಂದ ಕರೀತಿದೀಯ. ಮಲಗಿದೀನಾ?”

“ಎಲ್ಲಿ ಮಲಗಿದ್ಯ ಅಕ್ಕಾ?” ಎಂದಳು ಸೆಲ್ವಿ, ಹಳೆಯ ಸಿಟ್ಟನ್ನೆಲ್ಲ ಹೊರಗೆ ಹಾಕುತ್ತಾ. “ಐದು ಗಂಟೆ ಆದ್ರೆ ಸಾಕು, ಬಸ್ಸು ಬಸ್ಸು ಅಂತ ಓಡ್ತಾಳೆ ಟೀಚರ್! ಕಾಫಿ ಆರೋಕೂ ಬಿಡಲ್ಲ.”

“ಇದಕ್ಕಿಂತ ಒಳ್ಳೆ ಪ್ರೂಫ್ ನಂಗೆ ಇಷ್ಟು ವರ್ಷದಲ್ಲಿ ಯಾರೂ ಕೊಟ್ಟಿಲ್ಲ,” ಎಂದು ಟೀಚರ್ ಬರೆಯತೊಡಗಿದರು.

ಪಟ್ಟಿ ಬಂದ ದಿನ ನಾವಿಬ್ಬರೂ ಶಾಲೆಗೆ ಹೋದೆವು. ಗೋಡೆಗೆ ಅಂಟಿಸಿದ್ದ ಹಾಳೆಗಳಲ್ಲಿ ಗಿರಿಜಾಳ ಹೆಸರು ಚೌಕದೊಳಗೆ ಫೋಟೋ ಇಡುವ ಜಾಗದ ಜೊತೆಗೆ ಅಚ್ಚುಕಟ್ಟಾಗಿ ಕೂತಿತ್ತು. ಅವಳು ಹತ್ತಿರ ಹೋಗಿ ಓದಿದಳು, ದೂರ ನಿಂತು ಓದಿದಳು, ಹಿಂದೆ ನಿಂತವರು “ಆಯ್ತೇನಮ್ಮ?” ಎಂದರೂ ಜರುಗಲಿಲ್ಲ. ನಾನು ಅವಳ ಕೆಳಗೆ ನೋಡಿದೆ. ಮೇಲೆ ನೋಡಿದೆ. ಇನ್ನೊಂದು ಹಾಳೆ ನೋಡಿದೆ. ಆಮೇಲೆ ಟೀಚರ್ ಹತ್ತಿರ ಹೋಗಿ, “ಮೇಡಂ, ನನ್ನ ಹೆಸರು?” ಎಂದೆ.

“ಇದೆಯಲ್ಲ ಸಾರ್,” ಎಂದು ಅವರು ಬಂದು ಗಿರಿಜಾಳ ಚೌಕದ ಮೇಲೆ ಬೆರಳಿಟ್ಟರು. ಗಂಡನ ಹೆಸರು: ಪರಮೇಶ್ವರಪ್ಪ.

ನನ್ನ ಫಾರಂ ಎಂಟಕ್ಕೆ ಟೀಚರ್ ಸರಿಯೆಂದೇ ಬರೆದಿದ್ದರಂತೆ. ಆದರೆ ಮರುಪರಿಶೀಲನೆಗೆಂದು ಅವರ ಮೇಲಿನ ಸಾಹೇಬರು ಆರಿಸಿಕೊಂಡ ಕೆಲವು ಅರ್ಜಿಗಳಲ್ಲಿ ನನ್ನದೂ ಸೇರಿಬಿಟ್ಟಿತ್ತು. ಅವರು ಬಂದ ದಿನ ನಾನು ಗೇಟಿನಲ್ಲಿದ್ದೆ. ಗಿರಿಜಾ, ಸೆಲ್ವಿಗೆ ಬೇಜಾರಾಗಿರಬಹುದೆಂದು ಸಮಾಧಾನ ಮಾಡಲು ಜನ್ನಾಪುರಕ್ಕೆ ಹೋಗಿದ್ದಳು. ಸಾಹೇಬರು ಬೀದಿಯಲ್ಲಿ ವಿಚಾರಿಸಿದರು. ಪದ್ಮಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ: “ಗಿರಿಜಾ ಗೊತ್ತು ಸಾರ್, ನಮ್ಮ ಫ್ರೆಂಡು. ಅವ್ರ ಯಜಮಾನ್ರನ್ನ ನಾನು ನೋಡಿಲ್ಲ. ಅವತ್ತು ಫಂಕ್ಷನ್ ದಿನ ಚಪ್ಪಲಿ ಕಾಯೋಕೆ ಒಬ್ಬ ಸೆಕ್ಯೂರಿಟಿ ಇಟ್ಟಿದ್ರು. ಪಾಪ, ಒಳ್ಳೆ ಮನುಷ್ಯ.”

“ಬೇಜಾರ್ ಮಾಡ್ಕೋಬೇಡಿ ಸಾರ್, ಇನ್ನೊಂದು ಎಂಟು ಹಾಕಿ,” ಎಂದು ಟೀಚರ್ ಹೊಸ ಫಾರಂ ಕೊಟ್ಟರು. “ಅಷ್ಟರಲ್ಲಿ ಬೀದೀಲಿ ನಾಲ್ಕು ಜನರನ್ನ ಪರಿಚಯ ಮಾಡ್ಕೊಳ್ಳಿ.” ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಷ್ಟು ದಿನಗಳ ಮೇಲೆ ಅವಳು ಹಾಗೆ ನಗುವುದನ್ನು ನೋಡಿ, ಹೆಸರು ಹೋದರೆ ಹೋಗಲಿ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಲಿಲ್ಲ.

ಗಂಡಸರಿಗೆ ಅರಿಶಿನ ಕುಂಕುಮ ಇಲ್ಲ. ಒಂದು ಬೀದಿಗೆ ಗಂಡಸು ತಾನು ಬಂದಿದ್ದೇನೆಂದು ತಿಳಿಸುವುದಾದರೂ ಹೇಗೆ? ಬಹಳ ಯೋಚಿಸಿ, ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಮೂಲೆ ಮನೆಯ ಜಗಲಿಯಲ್ಲಿ ಒಬ್ಬರು ಹಿರಿಯರು ಪೇಪರ್ ಓದುತ್ತಾ ಕೂತಿದ್ದರು. ಹತ್ತಿರ ಹೋಗಿ ಕೈಮುಗಿದೆ.

“ನಮಸ್ಕಾರ ಸಾರ್. ನಾನು ಪರಮೇಶ್ವರಪ್ಪ. ಇದೇ ಬೀದಿಯವನು. ಹಂಗೇ ಪರಿಚಯ ಮಾಡ್ಕೊಂಡು ಹೋಗೋಣ ಅಂತ ಬಂದೆ.”

ಅವರು ಪೇಪರ್ ಇಳಿಸಿ, ನನ್ನ ಬಿಳಿ ಅಂಗಿಯನ್ನೂ ಮುಗಿದ ಕೈಯನ್ನೂ ನೋಡಿದರು.

“ಯಾವ ಪಾರ್ಟಿ?”

“ಪಾರ್ಟಿ ಏನಿಲ್ಲ ಸಾರ್.”

“ಓ, ಪಕ್ಷೇತರ. ಧೈರ್ಯಸ್ಥ ಕಣಯ್ಯ ನೀನು.” ಕನ್ನಡಕ ತೆಗೆದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಳಗೆ ಕೂಗಿ ಕಾಫಿ ತರಿಸಿದರು. ಅರ್ಧ ಗಂಟೆ ಬೀದಿ ದೀಪ, ಕಸದ ಗಾಡಿ, ಚಪ್ಪಲಿ ಕದಿಯುವ ನಾಯಿ ಎಲ್ಲವನ್ನೂ ಹೇಳಿ, ಕೊನೆಗೆ ಮನೆ ಮುಂದಿನ ಚರಂಡಿ ತೋರಿಸಿದರು. “ನಮ್ಮನೇಲಿ ಐದು ವೋಟಿದೆ. ಮೊದಲು ಇದಕ್ಕೊಂದು ಕಲ್ಲು ಚಪ್ಪಡಿ ಹಾಕಿಸು, ಆಮೇಲೆ ನೋಡೋಣ.”

ಈ ಬೀದಿಯಲ್ಲಿ ನನಗೆ ನನ್ನದೇ ಒಂದು ವೋಟೂ ಇಲ್ಲ ಸ್ವಾಮಿ ಎಂದು ಹೇಳಿಬಿಡಬೇಕಿತ್ತು. ಆದರೆ ನಾಲ್ಕು ವರ್ಷದಲ್ಲಿ ಇಲ್ಲಿ ಒಬ್ಬರು ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. “ಪ್ರಯತ್ನ ಮಾಡ್ತೀನಿ ಸಾರ್,” ಎಂದು ಇನ್ನೊಮ್ಮೆ ಕೈಮುಗಿದು ಪಕ್ಕದ ಮನೆಗೆ ಹೋದೆ.